ನಾರಿನ ಶೆಡ್ಡಿನೊಳಗೊಂದು ಪಿರಮಿಡ್ಡು

ಬಾಗಿಲು ಮೇಲಿನಿಂದ ಇಳಿಯಬೇಕು, ನಿಧಾನವಾಗಿ ಇಳಿಯಬೇಕು, ಇಳಿದ ಮೇಲೆ ಒಂದು ಗೆರೆಯಷ್ಟು ಬೆಳಕೂ ಒಳಗೆ ಬರಬಾರದು. ನಿರ್ದೇಶಕರು ನನಗೆ ಹೇಳಿದ್ದು ಇಷ್ಟೇ. ಚನ್ನರಾಯಪಟ್ಟಣದ ಹೊರಗೆ, ಮುಚ್ಚಿಹೋಗಿದ್ದ ತೆಂಗಿನ ನಾರಿನ ಕಾರ್ಖಾನೆಯ ತಗಡಿನ ಶೆಡ್ಡಿನಲ್ಲಿ ನಿಂತು ಅವರು ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದರು. ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ. ಅದು ಈಜಿಪ್ಟಿನ ಪಿರಮಿಡ್ಡಿನ ಹೊಟ್ಟೆಯೊಳಗಿನ ರಾಜನ ಕೋಣೆ.

ನಾನು ಹಾಸನದಲ್ಲಿ ನಾಟಕ, ಸಮಾರಂಭಗಳಿಗೆ ರಂಗಸಜ್ಜಿಕೆ ಕಟ್ಟಿಕೊಡುವವನು. ಅರಮನೆ, ಜೈಲು, ಕೈಲಾಸ ಎಲ್ಲ ಕಟ್ಟಿದ್ದೇನೆ. ಎಲ್ಲಕ್ಕೂ ಒಂದು ಪಕ್ಕ ಬಯಲು ಇರುತ್ತಿತ್ತು, ನೋಡುವವರು ಕೂರುವ ಪಕ್ಕ. ನಾಲ್ಕೂ ಕಡೆ ಮುಚ್ಚಿದ ಕೋಣೆಯನ್ನು ಕಟ್ಟಿದ್ದು ಅದೇ ಮೊದಲು.

ನಿರ್ದೇಶಕರು ಹೊಳೆನರಸೀಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಗೆಳೆಯರನ್ನು ಕೂಡಿಸಿಕೊಂಡು ಆರು ಕಂತಿನ ವೆಬ್ ಸರಣಿ ಮಾಡುತ್ತಿದ್ದರು. ನಮ್ಮ ಕಡೆಯ ವಿಜ್ಞಾನಿಯೊಬ್ಬಳು ಕಾಲದಲ್ಲಿ ಹಿಂದಕ್ಕೆ ಹೋಗುವ ಕಥೆ.

"ಎಲ್ಲಿಗೆ ಬೇಕಾದ್ರೂ ಹೋಗ್ಬೋದಲ್ಲ, ಪಿರಮಿಡ್ಡೇ ಯಾಕೆ?" ಎಂದು ಕೇಳಿದೆ.

"ನೀವೀಗ ನಿಂತಿರೋ ಜಾಗದಲ್ಲಿ ನಾಲ್ಕು ಸಾವಿರ ವರ್ಷದ ಹಿಂದೆ ಏನಿತ್ತು ಹೇಳಿ? ಗೊತ್ತಿಲ್ಲ. ದಿಬ್ಬ ಇದ್ದಿದ್ರೆ ಮಣ್ಣೊಳಗೆ ಹೋಗಿ ಸಿಕ್ಕಾಕ್ಕೋತೀರಿ. ಮರ ಇದ್ದಿದ್ರೆ ಮರದೊಳಗೆ. ಅಂದಿನಿಂದ ಇಂದಿನವರೆಗೂ ಖಾಲಿಯಾಗೇ ಇರೋ ಜಾಗ ಬೇಕು ಸರ್, ಒಬ್ಬ ಮನುಷ್ಯ ನಿಲ್ಲೋವಷ್ಟು. ಆ ಕಲ್ಲಿನ ಕೋಣೆ ಅಂಥದ್ದು. ಅಷ್ಟು ವರ್ಷದಿಂದ ಅದೇ ನಾಲ್ಕು ಗೋಡೆ, ಅದೇ ಗಾಳಿ. ನನ್ನ ಕಥೆಯಲ್ಲಿ ಪಿರಮಿಡ್ಡು ಅಂದ್ರೆ ಸಮಾಧಿ ಅಲ್ಲ, ಬಸ್‌ಸ್ಟಾಪು."

ಆ ವಿಜ್ಞಾನಿ ಹೋಗಿ ಇಳಿಯುವ ದಿನವೇ ರಾಜನ ಹೆಣವನ್ನು ಒಳಗಿಟ್ಟು ಬಾಗಿಲು ಮುಚ್ಚುತ್ತಾರೆ. ಅವಳು ಒಳಗೇ ಉಳಿಯುತ್ತಾಳೆ. ಮೂರನೆಯ ಕಂತಿನ ಕೊನೆ ಅದು. ಕೈಯಲ್ಲಿ ಒಂದು ಟಾರ್ಚು, ಆರು ನಿಮಿಷದ ದೃಶ್ಯ, ಎಲ್ಲೂ ಕತ್ತರಿಸದೆ ಒಂದೇ ಏಟಿಗೆ ತೆಗೆಯಬೇಕು. ಕ್ಯಾಮೆರಾ ಒಳಗೆ ಸ್ಟ್ಯಾಂಡಿನ ಮೇಲೆ ತಾನೇ ಓಡುತ್ತದೆ. ಒಳಗೆ ನಟಿಯೊಬ್ಬಳೇ.

ಕೆಲಸಕ್ಕೆ ದುದ್ದದ ಕಡೆಯ ಒಬ್ಬ ಬಡಗಿ ಮೇಸ್ತ್ರಿಯನ್ನು ಕರೆದುಕೊಂಡೆ. ಅರವತ್ತು ದಾಟಿದವರು, ಅಳತೆ ಟೇಪಿಗಿಂತ ಗೇಣನ್ನು ಹೆಚ್ಚು ನಂಬುವವರು. ನೀಲಗಿರಿ ಮರದ ಕಂಬಗಳನ್ನು ಎರಡಡಿಗೊಂದರಂತೆ ನಿಲ್ಲಿಸಿ, ಅಡ್ಡಪಟ್ಟಿ ಹೊಡೆದು, ಕೋಳಿಜಾಲರಿ ಬಿಗಿದು, ಮೇಲೆ ಸಿಮೆಂಟಿನ ಗಾರೆ ಬಳಿದೆವು. ಛಾವಣಿಯ ಭಾರವೆಲ್ಲ ಆ ಕಂಬಗಳ ಮೇಲೆ. ಗೋಡೆಯ ಮೇಲೆ ಚಿತ್ರ ಬರೆಯೋಣ ಎಂದರೆ ನಿರ್ದೇಶಕರು ಒಪ್ಪಲಿಲ್ಲ. ನಿಜವಾದ ಕೋಣೆಯಲ್ಲಿ ಒಂದು ಗೀಟೂ ಇಲ್ಲವಂತೆ, ಬರೀ ಕಲ್ಲು. ಬರೀ ಕಲ್ಲನ್ನು ಬರೆಯುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಬೂದಿ ಬಣ್ಣದ ಮೇಲೆ ಕೆಂಪು, ಅದರ ಮೇಲೆ ಹಲ್ಲುಜ್ಜುವ ಬ್ರಷ್ಷಿನಿಂದ ಚಿಮುಕಿಸಿದ ಕಪ್ಪು ಚುಕ್ಕೆ, ಕೂದಲೆಳೆಯಷ್ಟು ಸಣ್ಣ ಸಂದು. ಹಿಂದಿನ ಗೋಡೆಯೊಂದಕ್ಕೇ ನಾನು ಹನ್ನೊಂದು ದಿನ ಕೂತೆ. ಬೆಳಕು ನುಸುಳುವ ಕಡೆಯಲ್ಲೆಲ್ಲ ಗೋಣಿನಾರನ್ನು ಗಾರೆಯಲ್ಲಿ ಅದ್ದಿ ತುರುಕಿದೆ. ಕೊನೆಗೆ ಒಳಗೆ ಕೂತು ನೋಡಿದರೆ ನನ್ನ ಕೈ ನನಗೇ ಕಾಣಲಿಲ್ಲ. ನಾನು ಹಿಗ್ಗಿದೆ.

ಬಾಗಿಲಿನದು ಬೇರೆಯೇ ಲೆಕ್ಕ. ಒಳಗೆ ಹೋಗಲು ಮೂರೂವರೆ ಅಡಿ ಎತ್ತರದ ಓಣಿ, ಅದರ ತುದಿಗೆ ಕಲ್ಲಿನಂತೆ ಕಾಣುವ ಚಪ್ಪಡಿ. ಹಲಗೆಯ ಪೆಟ್ಟಿಗೆ ಮಾಡಿ ಸಿಮೆಂಟು ಮೆತ್ತಿದ್ದರಿಂದ ಮೂರು ಆಳು ಹಿಡಿದರೂ ಅಲುಗದಷ್ಟು ಭಾರವಾಯಿತು. ಅದನ್ನು ಎರಡು ಮರದ ಗೂಟಗಳ ಮೇಲೆ ಕೂರಿಸಿ, ಗೂಟಗಳನ್ನು ಮರಳು ತುಂಬಿದ ಎರಡು ಪೈಪುಗಳೊಳಗೆ ನಿಲ್ಲಿಸಿದೆ. ಪೈಪಿನ ತಳದ ಬೆಣೆ ಎಳೆದರೆ ಮರಳು ಸುರಿಯುತ್ತದೆ, ಗೂಟ ಇಳಿಯುತ್ತದೆ, ಚಪ್ಪಡಿ ಸದ್ದಿಲ್ಲದೆ ಕೆಳಗೆ ಬರುತ್ತದೆ. ಈಜಿಪ್ಟಿನವರು ಹೀಗೆಯೇ ಮಾಡುತ್ತಿದ್ದರಂತೆ ಎಂದು ನಿರ್ದೇಶಕರು ಎಲ್ಲೋ ಓದಿದ್ದರು. ಮೇಲಕ್ಕೆತ್ತಲು ಸರಪಳಿ ರಾಟೆ. ಎಂಟು ಸಲ ಇಳಿಸಿ ಎತ್ತಿದೆವು. ಎಂಟು ಸಲವೂ ಬೆಣ್ಣೆ ಜಾರಿದ ಹಾಗೆ ಇಳಿಯಿತು.

ಆಮೇಲೆ ಅಶ್ವಿನಿ ಮಳೆ ಒಂದು ಸಂಜೆ ಬಂದು ಹೋಯಿತು. ಶೆಡ್ಡಿನ ತಗಡು ಎರಡು ಕಡೆ ಸೋರಿತು. ನಾನು ಗೋಡೆಗಳನ್ನು ತಡವಿ ನೋಡಿದೆ, ಛಾವಣಿ ನೋಡಿದೆ. ಪೈಪಿನೊಳಗಿನ ಮರಳನ್ನು ನೋಡಲಿಲ್ಲ.

ಚಿತ್ರೀಕರಣದ ದಿನ ಮಧ್ಯಾಹ್ನ ಶೆಡ್ಡು ಕಾದ ಬಾಣಲೆಯಾಗಿತ್ತು. ನಟಿ ಅರಕಲಗೂಡಿನವರು. ಬ್ಯಾಂಕಿನಲ್ಲಿ ಕೆಲಸ, ಹವ್ಯಾಸಕ್ಕೆ ನಾಟಕ. ಮುಂಚಿನ ದಿನಗಳಲ್ಲಿ ಬಂದಾಗೆಲ್ಲ ಕೆಲಸಗಾರರ ಜೊತೆ ತಮಾಷೆ ಮಾಡುತ್ತಿದ್ದವರು ಅವತ್ತು ಓಣಿಯ ಬಾಯಲ್ಲಿ ಬಗ್ಗಿ ನೋಡಿ, ಒಳಗೆ ಹೋಗದೆ ನನ್ನ ಕಡೆ ತಿರುಗಿದರು.

"ಸರ್, ಬಾಗ್ಲು ಹಾಕಿದ್ಮೇಲೆ ಒಳಗಿಂದ ಕೂಗಿದ್ರೆ ಕೇಳ್ಸುತ್ತಾ?"

"ಮೈಕ್ ಇದೆಯಲ್ಲ ಮೇಡಂ. ಉಸಿರಾಡಿದ್ರೂ ಕೇಳುತ್ತೆ" ಎಂದೆ.

ದೃಶ್ಯಕ್ಕೆ ಮಂಜು ಬೇಕಿತ್ತು. ಕಾಲದೊಳಗಿಂದ ಬರುವಾಗ ಅವಳ ಸುತ್ತ ಬಿಳಿ ಮಂಜು ಹಬ್ಬುತ್ತದೆ. ಅದಕ್ಕಾಗಿ ಮದುವೆ ಆರತಕ್ಷತೆಗಳಲ್ಲಿ ವೇದಿಕೆಯ ಮೇಲೆ ಮಂಜು ಬಿಡುವವನೊಬ್ಬ ಹಾಸನದಿಂದ ಬಂದಿದ್ದ. ಡ್ರಮ್ಮಿನಲ್ಲಿ ಬಿಸಿನೀರು, ಅದಕ್ಕೆ ಡ್ರೈ ಐಸ್ ಎನ್ನುವ ಒಣ ಮಂಜುಗಡ್ಡೆಯ ತುಂಡುಗಳು, ಅಲ್ಲಿಂದ ಒಂದು ದಪ್ಪ ಪೈಪು. ಹಿಂದಿನ ಗೋಡೆಯ ಬುಡದಲ್ಲಿ ಆ ಪೈಪಿಗೆ ತೂತು ಕೊರೆದುಕೊಟ್ಟವನು ನಾನೇ. ಬೆಳಕು ಬರಬಾರದೆಂದು ಸುತ್ತ ಬಟ್ಟೆ ತುರುಕಿದವನೂ ನಾನೇ. ಮೊದಲು ಒಂದು ಡ್ರಮ್ಮಿನ ಮಾತಾಗಿತ್ತು. ಸಾಲದೆಂದು ನಿರ್ದೇಶಕರು ಎರಡು ಮಾಡಿಸಿದರು.

ನಟಿ ಒಳಗೆ ಹೋದರು. ನಿರ್ದೇಶಕರು ಶುರು ಎಂದರು. ನಾನು ಎಡಗಡೆ, ಮೇಸ್ತ್ರಿ ಬಲಗಡೆ, ಇಬ್ಬರೂ ಒಟ್ಟಿಗೆ ಬೆಣೆ ಎಳೆದೆವು. ನನ್ನ ಕಡೆ ಮರಳು ಸುರಿಯಿತು. ಮೇಸ್ತ್ರಿಯ ಕಡೆ ಒಂದು ಹಿಡಿಯಷ್ಟು ಬಿದ್ದು ನಿಂತುಹೋಯಿತು.

"ಬತ್ತಿಲ್ಲ ಸಾ, ಕಚ್ಕಂಡದೆ" ಎಂದು ಅವರು ಪಿಸುಗುಟ್ಟುವಷ್ಟರಲ್ಲಿ ಚಪ್ಪಡಿ ಎಡಕ್ಕೆ ವಾಲಿತ್ತು. ಮೇಸ್ತ್ರಿಯ ಕಡೆಯ ಪೈಪಿನಲ್ಲಿ ಮರಳು ಒದ್ದೆಯಾಗಿತ್ತು. ಅವರು ಪೈಪಿಗೆ ಅಂಗೈಯಲ್ಲಿ ಒಂದು ಏಟು ಕೊಟ್ಟರು. ಗಟ್ಟಿಕಟ್ಟಿದ್ದ ಮರಳು ಒಮ್ಮೆಲೇ ಬಿಟ್ಟುಕೊಂಡು, ಚಪ್ಪಡಿ ಕೊನೆಯ ಒಂದಡಿಯನ್ನು ಧಡ್ ಎಂದು ಬಿದ್ದು ಮುಗಿಸಿತು. ಶೆಡ್ಡೇ ಅದುರಿತು. ನನ್ನ ಕಡೆಯ ಗೂಟ ಮುರಿದು, ಚಪ್ಪಡಿಗೂ ಚೌಕಟ್ಟಿಗೂ ನಡುವೆ ಬೆಣೆಯ ಹಾಗೆ ಸಿಕ್ಕಿಕೊಂಡಿತು.

ಒಳಗೆ ದೃಶ್ಯ ನಡೆಯುತ್ತಲೇ ಇತ್ತು. ಸ್ಪೀಕರಿನಲ್ಲಿ ನಟಿಯ ಮಾತು ಕೇಳುತ್ತಿತ್ತು, ಸ್ಪಷ್ಟವಾದ ಪುಸ್ತಕದ ಕನ್ನಡ. ನಿರ್ದೇಶಕರು ಬೆರಳು ತುಟಿಗಿಟ್ಟು ನಮ್ಮನ್ನು ಸುಮ್ಮನಿರಿಸಿದರು. ಆ ಸದ್ದು ದೃಶ್ಯಕ್ಕೆ ಒಳ್ಳೆಯದೇ ಆಯಿತೆಂದು ಅವರ ಮುಖ ಹೇಳುತ್ತಿತ್ತು. ನಾನು ಸರಪಳಿ ಎಳೆದು ನೋಡಿದೆ. ಒಂದು ಗೇಣೂ ಏರದೆ ಚಪ್ಪಡಿಯ ತಲೆಯಲ್ಲಿದ್ದ ಕೊಕ್ಕೆಯೇ ಸಿಮೆಂಟಿನ ಸಮೇತ ಕಿತ್ತು ಬಂತು. ಬಾಗಿಲು ತೆಗೆಯಲು ನಮ್ಮ ಬಳಿ ಇದ್ದದ್ದು ಅದೊಂದೇ ದಾರಿ.

ಮಾನಿಟರಿನಲ್ಲಿ ಮಂಜು ನಟಿಯ ಸೊಂಟದವರೆಗೆ ಬಂದಿತ್ತು. ಅವರು ಕೆಮ್ಮಿದರು. ಮಾತು ನಿಧಾನವಾಯಿತು. ನಾಯಕಿ ಸುಸ್ತಾಗುವುದು ಚಿತ್ರಕಥೆಯಲ್ಲೂ ಇತ್ತು. ನಿರ್ದೇಶಕರು ಚಿತ್ರಕಥೆಯ ಹಾಳೆ ನೋಡುತ್ತ ತಲೆದೂಗಿದರು. ಆಗ ಸ್ಪೀಕರಿನಲ್ಲಿ ಬೇರೆಯೇ ದನಿ ಬಂತು.

"ಅಯ್ಯೋ... ಉಸ್ರು ಕಟ್ತಾದೆ ಕಣ್ರಪ್ಪಾ..."

ಅದು ಪುಸ್ತಕದ ಕನ್ನಡವಲ್ಲ. ಅರಕಲಗೂಡಿನ ಮನೆಯ ಕನ್ನಡ. "ಇದು ಆಕ್ಟಿಂಗ್ ಅಲ್ಲ" ಎಂದು ಕೂಗಿದೆ.

ನಿರ್ದೇಶಕರೂ ಎದ್ದರು. ಕಲ್ಲು ಕೊಯ್ಯುವ ಗ್ರೈಂಡರ್ ತೆಗೆದುಕೊಂಡು ನಾನು ಹಿಂದಿನ ಗೋಡೆಯ ಕಡೆ ಓಡಿದೆ. ಅವರು ತೋಳು ಹಿಡಿದರು. "ಸರ್, ಬಾಗಿಲನ್ನೇ ಇನ್ನೊಂದ್ಸಲ ನೋಡೋಣ. ಆ ಗೋಡೆ ಹೋದ್ರೆ ಎಲ್ಲ ಮುಗೀತು."

ಈಗ ಬರೆಯುವಾಗ ಅವರೇ ತಡೆದರು ಎಂದು ನಿಲ್ಲಿಸಬಹುದು. ಆದರೆ ನಡೆದದ್ದು ಹಾಗಲ್ಲ. ನಾನು ಆ ಗೋಡೆಯನ್ನು ನೋಡಿದೆ. ಅದರ ಒಳಮೈಯಲ್ಲಿ ಹನ್ನೊಂದು ದಿನದ ಚುಕ್ಕೆಗಳು. ಗ್ರೈಂಡರನ್ನು ಕೆಳಗಿಟ್ಟು ಹಾರೆ ತೆಗೆದುಕೊಂಡು ಬಾಗಿಲಿಗೆ ಹೋದೆ. ಮೂವರು ಹಾರೆ ಹಾಕಿ ಮೀಟಿದೆವು. ಮೀಟಿದಷ್ಟೂ ಮುರಿದ ಗೂಟ ಇನ್ನೂ ಬಿಗಿಯಿತು. ಎರಡು ನಿಮಿಷವಾದರೂ ಹೋಗಿರಬೇಕು. ಒಳಗಿನ ಉಸಿರು ಸ್ಪೀಕರಿನಲ್ಲಿ ಕೇಳುತ್ತಿತ್ತು, ಓಡಿ ಬಂದವರ ಹಾಗೆ, ಏದುಸಿರು. ಮಾನಿಟರಿನಲ್ಲಿ ಬಿಳಿ ಬಿಟ್ಟು ಏನೂ ಇರಲಿಲ್ಲ.

ನಿರ್ದೇಶಕರು ಓಣಿಯೊಳಗೆ ಮಲಗಿ ಚಪ್ಪಡಿಗೆ ಬಾಯಿ ಹಚ್ಚಿ ಕೂಗಿದರು. "ಮೇಡಂ, ಕೆಳಗೆ ಮಲಗಿ! ನೆಲಕ್ಕೆ ಮಲಗಿ! ಹೊಗೆ ಮೇಲಕ್ಕೆ ಹೋಗುತ್ತೆ!"

ಬೆಂಕಿ ಬಿದ್ದಾಗ ಏನು ಮಾಡಬೇಕೆಂದು ಶಾಲೆಗಳಲ್ಲಿ ಕಲಿಸುವುದು ಅದನ್ನೇ. ನನಗೂ ಅದೇ ಸರಿ ಎನಿಸಿತು. ಛಾವಣಿಗೆ ಹತ್ತಿ ಮೇಲೆ ಒಂದು ತೂತು ಮಾಡಿದರೆ ಹೊಗೆ ಹೋಗುತ್ತದೆ ಎಂದುಕೊಂಡು ಏಣಿ ಎತ್ತಿಕೊಂಡೆ.

ಅಷ್ಟರಲ್ಲಿ ಗೋಡೆಯ ಹಿಂದಿನಿಂದ ಮೇಸ್ತ್ರಿಯ ದನಿ. "ಸಾ! ಇಲ್ ಬನ್ನಿ ಬಿರ್ನೆ!"

ಮಂಜಿನವನು ಗಾಬರಿಯಲ್ಲಿ ತನ್ನ ಪೈಪು ಕಿತ್ತಿದ್ದ. ಆ ತೂತಿನಿಂದ ಬಿಳಿಯದು ಹೊರಗೆ ಬರುತ್ತಿತ್ತು. ಮೇಲಕ್ಕಲ್ಲ. ಗೋಡೆಗೆ ಅಂಟಿಕೊಂಡು ಕೆಳಕ್ಕೆ ಇಳಿದು ನೆಲದ ಮೇಲೆ ಹರಿಯುತ್ತಿತ್ತು.

"ನೀರ್ನಂಗೆ ಇಳೀತಾದೆ ನೋಡಿ. ಇದು ಒಗೆ ಅಲ್ಲ ಸಾ, ಅಗೇವಿನ ಗಾಳಿ ಕಣ!"

ಹಗೇವು ಎಂದರೆ ರಾಗಿಯನ್ನು ವರ್ಷಗಟ್ಟಲೆ ಕೂಡಿಡುತ್ತಿದ್ದ ನೆಲದೊಳಗಿನ ಗುಂಡಿ. ಸಣ್ಣ ಬಾಯಿ, ಒಳಗೆ ಗುಡಾಣದಂಥ ಹೊಟ್ಟೆ. ನಮ್ಮ ಅಜ್ಜನ ಮನೆಯ ಅಂಗಳದಲ್ಲೂ ಒಂದಿತ್ತು, ನಾನು ನೋಡುವ ಹೊತ್ತಿಗೆ ಮುಚ್ಚಿದ್ದರು. ಮೇಸ್ತ್ರಿ ನನ್ನ ಅಂಗಿ ಹಿಡಿದುಕೊಂಡು ಮಾತಾಡಿದರು.

"ನಮ್ ದೊಡ್ಡಪ್ಪ ಅಂಗೇ ಓದ್ರು ಸಾ. ಬಾಯಿ ತೆಗ್ದೇಟ್ಗೆ ಇಳ್ದುಬುಟ್ರು. ರಾಗಿ ತುಂಬಾಕೆ ಬಗ್ಗುದ್ರು ನೋಡಿ, ಮ್ಯಾಲೇಳ್ನೇ ಇಲ್ಲ. ಆ ಗಾಳಿ ತಳದಲ್ಲೇ ಕುಂತಿರ್ತದೆ. ಆ ಯಮ್ಮ ಮಲ್ಕಂಡ್ರೆ ಸತ್ತೋಯ್ತಾಳೆ! ಎದ್ ನಿಂತ್ಕಳಾಕ್ ಯೋಳಿ!"

ಒಬ್ಬರು ಮಲಗಿ ಎನ್ನುತ್ತಿದ್ದಾರೆ, ಭೌತಶಾಸ್ತ್ರ ಓದಿದವರು. ಇನ್ನೊಬ್ಬರು ನಿಲ್ಲಿ ಎನ್ನುತ್ತಿದ್ದಾರೆ. ಎರಡರಲ್ಲಿ ಒಂದು ಒಳಗಿದ್ದವರನ್ನು ಕೊಲ್ಲುತ್ತದೆ. ಕೈಯಲ್ಲಿ ಏಣಿ ಹಿಡಿದುಕೊಂಡು ನಾನು ನನ್ನ ಚಪ್ಪಲಿಯ ಮೇಲೆ ಹರಿಯುತ್ತಿದ್ದ ಆ ತಣ್ಣನೆಯ ಬಿಳಿಯನ್ನು ನೋಡಿದೆ. ಅದು ಏಳುತ್ತಿರಲಿಲ್ಲ. ಏಣಿ ಬಿಸಾಕಿದೆ.

"ನೀವೇ ಕೂಗಿ ಮೇಸ್ತ್ರಿ. ತೂತಿಗೆ ಬಾಯಿಟ್ಟು ಬೇಡ, ಮೇಲಿಂದ ಕೂಗಿ!"

ಅವರು ಸ್ಟೂಲಿನ ಮೇಲೆ ಹತ್ತಿ ಗೋಡೆಗೆ ಎರಡೂ ಅಂಗೈ ಬಡಿದು ಕೂಗಿದರು. "ಅವ್ವಾ! ಎದ್ದೇಳವ್ವಾ! ಆ ಪೆಟ್ಗೆ ಮ್ಯಾಲತ್ತಿ ನಿಂತ್ಕಳವ್ವಾ! ಮಲಿಕಬ್ಯಾಡ, ಮ್ಯಾಲತ್ತು!"

ಒಳಗೆ ರಾಜನ ಕಲ್ಲಿನ ಪೆಟ್ಟಿಗೆ ಇತ್ತು, ಹಲಗೆಯಲ್ಲಿ ನಾವೇ ಮಾಡಿದ್ದು. ಅದರ ಮೇಲೆ ನಿಂತರೆ ತಲೆ ಛಾವಣಿಗೆ ತಾಗುತ್ತದೆ. ಓಡಿಹೋಗಿ ಓಣಿಯಿಂದ ನಿರ್ದೇಶಕರ ಕಾಲು ಹಿಡಿದು ಎಳೆದೆ. "ಕೂಗ್ಬೇಡಿ. ಅದು ಭಾರದ ಗಾಳಿ ಸರ್, ಕೆಳಗೇ ಇರುತ್ತೆ." ಅವರು ನನ್ನ ಮುಖ ನೋಡಿದರು. ಅರ್ಥವಾಗಲು ಅವರಿಗೆ ಒಂದು ಕ್ಷಣವೂ ಬೇಕಾಗಲಿಲ್ಲ, ಒಣ ಮಂಜುಗಡ್ಡೆಯ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ ಎಂಬುದು ಗೊತ್ತಿದ್ದ ವಿಷಯವೇ. ಭಯದಲ್ಲಿ ತಲೆಗೆ ಬಂದಿರಲಿಲ್ಲ.

ಎಲ್ಲಿ ಕೊಯ್ಯಬೇಕು? ಬುಡದಲ್ಲೇ ಕೊಯ್ಯಬೇಕು, ತಳದಿಂದ ಹರಿದು ಹೋಗುವ ಹಾಗೆ. ಆದರೆ ಆ ಗಾರೆಯ ಹಿಂದೆ ಎರಡಡಿಗೊಂದು ಕಂಬ. ಕಂಬಕ್ಕೆ ಅಲಗು ತಾಗಿದರೆ ಛಾವಣಿ ಒಳಗಿದ್ದವರ ತಲೆಯ ಮೇಲೆ. ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತಿತ್ತು, ಅಷ್ಟು ಅಚ್ಚುಕಟ್ಟಾಗಿ ಮೆತ್ತಿದ್ದೆವು. ಮೇಸ್ತ್ರಿ ಮೂಲೆಯಿಂದ ಗೇಣು ಹಾಕುತ್ತ ಬಂದು, ಉಗುರಿನಲ್ಲಿ ಎರಡು ಗೀಟು ಎಳೆದು, "ಇದ್ರ ನಡ್ವೆ" ಎಂದರು.

ಗ್ರೈಂಡರ್ ಗೋಡೆಗೆ ಹಚ್ಚಿದೆ. ಗಾರೆಯ ದೂಳು ಕಣ್ಣಿಗೆ, ಜಾಲರಿಯ ಕಿಡಿ ಕೈಗೆ. ಒಂದು ಅಡ್ಡ ಗೆರೆ, ಎರಡು ಉದ್ದ ಗೆರೆ. ಯಂತ್ರದ ಗದ್ದಲದಲ್ಲಿ ಒಳಗಿನ ಉಸಿರು ಕೇಳದಂತಾಗಿತ್ತು, ನನಗೆ ಅದೇ ಹೆಚ್ಚು ಹೆದರಿಕೆ. ಒಂದು ಸಲ ಅಲಗು ಮರಕ್ಕೆ ತಾಗಿ ಸುಟ್ಟ ವಾಸನೆ ಬಂತು. ಮೇಲೆ ಏನೋ ಲಟಕ್ಕೆಂದಿತು. ಗ್ರೈಂಡರ್ ನಿಲ್ಲಿಸಿದೆ. "ಏನೂ ಆಗಕಿಲ್ಲ, ಕೊಯ್ಯಿ ಸಾ" ಎಂದು ಮೇಸ್ತ್ರಿ ತಮ್ಮ ಹೆಗಲನ್ನು ಗೋಡೆಗೆ ಕೊಟ್ಟು ನಿಂತರು. ಹೆಗಲಿನಿಂದ ಆ ಛಾವಣಿ ನಿಲ್ಲುವಂಥದ್ದಲ್ಲ, ಇಬ್ಬರಿಗೂ ಗೊತ್ತಿತ್ತು. ಕೊಯ್ದೆ.

ಕಾಲಿನಿಂದ ಒದ್ದಾಗ ತುಂಡು ಒಳಕ್ಕೆ ಬಿತ್ತು. ಬಿಳಿಯ ಗಾಳಿ ಕೆರೆಯ ತೂಬು ಎತ್ತಿದ ಹಾಗೆ ನಮ್ಮ ಮೊಣಕಾಲಿಗೆ ಹೊಡೆದು ಶೆಡ್ಡಿನ ತುಂಬ ಹರಿಯಿತು. ನಾನು ತಲೆ ಹಾಕಲು ಹೋದೆ. ಮೇಸ್ತ್ರಿ ಕತ್ತಿನ ಪಟ್ಟಿ ಹಿಡಿದು ಹಿಂದಕ್ಕೆಳೆದರು. "ತಡೀರಿ. ನಮ್ ದೊಡ್ಡಪ್ಪನ್ನ ಎತ್ತಾಕೋದೋನೂ ಒಳ್ಗೇ ಉಳ್ಕಂಡ." ಅವರು ಗೋಣಿಚೀಲ ಬೀಸಿದರು, ಮಂಜಿನವನು ಫ್ಯಾನು ತಂದಿಟ್ಟ. ಬಿಳಿ ಇಳಿದು ಒಳಗಿನ ನೆಲ ಕಾಣುವವರೆಗೆ ನಾವು ಕಾದೆವು. ಕಾಯುವುದು ಸರಿಯಾಗಿತ್ತು. ಅಂಥ ಹೊತ್ತನ್ನು ನಾನು ಇನ್ನೊಮ್ಮೆ ಕಾಯಲಾರೆ.

ತೂತಿನಲ್ಲಿ ಟಾರ್ಚು ಬಿಟ್ಟೆ. ಪೆಟ್ಟಿಗೆಯ ಮೇಲೆ ಎರಡು ಬರಿಗಾಲು ಕಂಡವು. ಅವರು ನಿಂತೇ ಇದ್ದರು. ಮುಖವನ್ನು ಛಾವಣಿಯ ಮೂಲೆಗೆ ಒತ್ತಿಕೊಂಡು, ಎರಡೂ ಕೈಯಿಂದ ಗೋಡೆ ಹಿಡಿದುಕೊಂಡು. ನಾನು ತೆವಳಿ ಹೋಗಿ ಕಾಲು ಮುಟ್ಟಿದಾಗ ಮೈಯೆಲ್ಲ ಸಡಿಲಾಗಿ ನನ್ನ ಮೇಲೆ ಕುಸಿದರು. ಆ ತೂತಿನಲ್ಲೇ ಹೊರಗೆ ಎಳೆದೆವು. ಜಾಲರಿಯ ತಂತಿ ಅವರ ತೋಳು ಗೀರಿತು. ಕಣ್ಣು ಬಿಟ್ಟಿದ್ದರು, ಆದರೆ ನಮ್ಮನ್ನು ನೋಡುತ್ತಿರಲಿಲ್ಲ. ಕಾರಿನ ಕಿಟಕಿಗಳನ್ನೆಲ್ಲ ಇಳಿಸಿಕೊಂಡು ಹಾಸನದ ಆಸ್ಪತ್ರೆಗೆ ಓಡಿದೆವು. ದಾರಿಯುದ್ದಕ್ಕೂ ನಿರ್ದೇಶಕರು ಅವರ ಅಂಗೈ ಉಜ್ಜುತ್ತ, "ನಾನು ಮಲಗಿ ಅಂದೆ, ನಾನು ಮಲಗಿ ಅಂದೆ" ಎನ್ನುತ್ತಲೇ ಇದ್ದರು.

ಮೂರನೆಯ ದಿನ ನಾನು ಆಸ್ಪತ್ರೆಗೆ ಹೋದೆ. ನಟಿಯ ಮೂಗಿನ ಆಮ್ಲಜನಕದ ನಳಿಕೆ ತೆಗೆದಿದ್ದರು. ದನಿ ಒಡೆದಿತ್ತು.

"ಒಬ್ರು ಮಲಗು ಅಂದ್ರು, ಒಬ್ರು ನಿಂತ್ಕೋ ಅಂದ್ರು" ಎಂದರು. "ನಾನು ಯಾಕೆ ನಿಂತ್ಕೊಂಡೆ ಅಂತ ಯೋಚಿಸ್ತಿದ್ದೆ. ತಲೆ ಓಡ್ತಾನೇ ಇರ್ಲಿಲ್ಲ ಸರ್. ಅವ್ವಾ ಅಂತ ಕರೆದ್ರಲ್ಲ, ನಮ್ಮಪ್ಪನೇ ಕರೆದಂಗಾಯ್ತು."

ನಾನು ಹಣ್ಣಿನ ಚೀಲ ಹಿಡಿದುಕೊಂಡೇ ನಿಂತಿದ್ದೆ. ಹೇಳದೆ ಹೊರಟುಬಿಡಬಹುದಿತ್ತು.

"ಮೇಡಂ, ನಾನು ಗ್ರೈಂಡರ್ ತಗೊಂಡು ಗೋಡೆ ಹತ್ರ ಹೋಗಿ, ಕೆಳಗಿಟ್ಟು ವಾಪಸ್ ಬಂದೆ. ಗೋಡೆ ಹಾಳಾಗುತ್ತೆ ಅಂತ. ಎರಡು ನಿಮಿಷ ನನ್ನಿಂದ ಹೋಯ್ತು. ಮರಳು ಒದ್ದೆಯಾಗಿದ್ದನ್ನ ನೋಡದೇ ಇದ್ದೋನೂ ನಾನೇ."

ಅವರು ನನ್ನ ಕೈಯಿಂದ ಚೀಲ ಇಸಿದುಕೊಂಡು ಪಕ್ಕಕ್ಕಿಟ್ಟರು. "ಗೊತ್ತು. ಮೇಷ್ಟ್ರು ನಿನ್ನೆ ಬಂದು ತಾವೇ ತಡೆದದ್ದು ಅಂತ ಅತ್ತರು. ನೀವು ನೋಡಿದ್ರೆ ನಂದೇ ತಪ್ಪು ಅಂತಿದ್ದೀರಿ." ಆಮೇಲೆ ನನ್ನ ಕಡೆ ತಿರುಗಿದರು. "ಆ ಸೀನು ನಾನು ಮುಗಿಸ್ತೀನಿ ಸರ್. ಮುಗಿಸದೇ ಇದ್ರೆ ಲಿಫ್ಟಿಗೂ ಹತ್ತೋಕಾಗಲ್ಲ ನನಗೆ. ಆದ್ರೆ ಬಾಗ್ಲು ಹಾಕಿದಾಗ ನೀವೂ ಒಳಗಿರ್ಬೇಕು."

ಮೂರು ವಾರದ ಮೇಲೆ ಮತ್ತೆ ಕೂಡಿದೆವು. ಸಿಮೆಂಟಿನ ಚಪ್ಪಡಿ ಒಡೆದು ಹಾಕಿ ಥರ್ಮೋಕೋಲಿನದು ಮಾಡಿದ್ದೆ, ಒಂದು ಕೈಯಲ್ಲಿ ಎತ್ತಬಹುದು. ಮಂಜು ಬೇಡವೆಂದು ನಿರ್ದೇಶಕರೇ ಹೇಳಿದರು. ಕೊಯ್ದ ತೂತಿಗೆ ಕಪ್ಪು ಬಟ್ಟೆಯ ಪರದೆ ಬಿಟ್ಟೆ, ಅದರ ಹೊರಗೆ ಮೇಸ್ತ್ರಿ ಕುಕ್ಕರುಗಾಲಿನಲ್ಲಿ ಕೂತರು. ಯಾವ ಅಪಾಯವೂ ಇರಲಿಲ್ಲ. ಎಲ್ಲವನ್ನೂ ನಾನೇ ಪರೀಕ್ಷಿಸಿದ್ದೆ. ಕ್ಯಾಮೆರಾಕ್ಕೆ ಕಾಣದ ಹಾಗೆ ರಾಜನ ಪೆಟ್ಟಿಗೆಯ ಹಿಂದೆ ಮಂಡಿ ಮಡಚಿ ಕೂತೆ.

ಬಾಗಿಲು ಇಳಿಯಿತು. ಓಣಿಯ ಬೆಳಕು ಗೇಣಾಯಿತು, ಬೆರಳಾಯಿತು, ಹೋಯಿತು. ಗಾಳಿ ಇದೆ, ಬಾಗಿಲು ಹಗುರ, ಪಕ್ಕದಲ್ಲೇ ತೂತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಎದೆ ಅದನ್ನು ಕೇಳಲಿಲ್ಲ. ಅಂಗಿ ಬೆನ್ನಿಗೆ ಅಂಟಿತು, ಕಿವಿಯೊಳಗೆ ರಕ್ತ ಬಡಿಯತೊಡಗಿತು, ಗೋಡೆಗಳು ಹತ್ತಿರ ಬಂದು ನಿಂತ ಹಾಗಾಯಿತು. ನಟಿ ಕತ್ತಲೆಯಲ್ಲಿ ಟಾರ್ಚು ಹೊತ್ತಿಸಿ, ಒಂದಿಷ್ಟೂ ಅಳುಕದೆ ಮಾತು ಶುರು ಮಾಡಿದರು. ನಾಲ್ಕೈದು ಸಾಲು ಆಗಿರಬೇಕು, ನಿಲ್ಲಿಸಿ, ಪೆಟ್ಟಿಗೆಯ ಮೇಲಿಂದ ಬಗ್ಗಿ ನನ್ನನ್ನು ನೋಡಿದರು.

"ಸರ್, ನಿಮ್ಮ ಉಸಿರಿನ ಸದ್ದು ಮೈಕಿಗೆ ಬೀಳ್ತಿದೆ."

ಎರಡನೆಯ ಸಲ ನಾನು ಅಂಗಿಯ ತೋಳನ್ನು ಬಾಯಿಗೆ ಒತ್ತಿ ಹಿಡಿದು ಕೂತೆ.